ಹತ್ತಿರದ ಕಂಬ

ಕೆಲ್ಡನ್
ಭಾನುವಾರ, 14 ನವೆಂಬರ್ 1971

ಅಪ್ಪಾ,

ಮಂಗಳವಾರದ ಸಂಜೆ ಪೇಪರಿನಲ್ಲಿ ಓದಿ ನೀನು ಚಹಾ ಚೆಲ್ಲಿಕೊಳ್ಳುವ ಮೊದಲು ನಾನೇ ಹೇಳಿಬಿಡುತ್ತೇನೆ. ನನಗೆ ಕೆಲಸ ಸಿಕ್ಕಿತು! ಮ್ಯಾನೇಜರ್ ಕೆಲಸ! ಸ್ವಂತ ತಂಡ, ಸ್ವಂತ ಆಫೀಸು. ಆಫೀಸಿಗೆ ಬಾಗಿಲೂ ಇದೆ, ಒದ್ದರೆ ತೆರೆಯುತ್ತದೆ.

ಕ್ಲಬ್ಬಿನ ಹೆಸರು ಕೆಲ್ಡನ್ ರೋವರ್ಸ್.

ಈಗ ಬಟ್ಟಲು ಕೆಳಗಿಡು.

ನಿನಗೆ ಹೇಗನಿಸುತ್ತದೆ ಎಂದು ಗೊತ್ತು. ಗುಡ್ಡದ ಈಚೆಯವರು ನಾವು, ಆಚೆಯವರು ಅವರು. ನಾನು ಹುಟ್ಟಿದ್ದು ಬ್ರಾಕ್‌ಡೇಲ್, ಕಾಲಿಗೆ ಚೆಂಡು ಸಿಕ್ಕಿದ್ದು ಬ್ರಾಕ್‌ಡೇಲ್. ಹದಿನೈದಕ್ಕೆ ನಿನ್ನ ಹಿಂದೆ ಬಟ್ಟೆ ಗಿರಣಿಗೆ ಬಂದವನು ಹದಿನೇಳಕ್ಕೆ ಬ್ರಾಕ್‌ಡೇಲ್ ಟೌನಿನ ನೀಲಿ ಅಂಗಿ ತೊಟ್ಟೆ. ಆದರೆ ಇಪ್ಪತ್ತೆರಡಕ್ಕೆ ನನ್ನನ್ನು ದಕ್ಷಿಣದವರಿಗೆ ಮಾರಿದವರೂ ಅವರೇ ಅಲ್ಲವೇ? ಮೊದಲ ಡಿವಿಜನ್ನಿನಲ್ಲಿ ಒಂಬತ್ತು ವರ್ಷ ಒದ್ದೆ, ಒದೆಸಿಕೊಂಡೆ. ಇಂಗ್ಲೆಂಡ್ ತಂಡಕ್ಕೆ ಒಂದು ಸಲ ಕರೆ ಬಂತು. ಕೋಟು ಹಾಕಿ ಬೆಂಚಿನ ಮೇಲೆ ಕೂತೆ, ಕೋಟು ಬಿಚ್ಚದೆ ಮನೆಗೆ ಬಂದೆ. ಆಮೇಲೆ ಮೊಣಕಾಲು ಕೈ ಕೊಟ್ಟಿತು. ಕಳೆದ ವಾರದವರೆಗೂ ಇನ್ನೊಬ್ಬರ ತಂಡದ ಅಭ್ಯಾಸಕ್ಕೆ ಕೋನ್ ಜೋಡಿಸಿ ಕೊಡುತ್ತಿದ್ದೆ. ಮೂವತ್ತಾರನೇ ವಯಸ್ಸಿನಲ್ಲಿ ಕರೆದವರು ಯಾರು ಅಂದರೆ ಕೆಲ್ಡನ್ ಒಂದೇ.

ನಾಲ್ಕನೇ ಡಿವಿಜನ್ನಿನ ಇಪ್ಪತ್ನಾಲ್ಕು ತಂಡಗಳಲ್ಲಿ ನಮ್ಮದು ಇಪ್ಪತ್ನಾಲ್ಕನೆಯದು. ಕೊನೆಯ ನಾಲ್ಕರಲ್ಲೇ ಉಳಿದರೆ ಜೂನ್ ತಿಂಗಳಲ್ಲಿ ಲಂಡನ್ನಿಗೆ ಹೋಗಿ, ಟೋಪಿ ತೆಗೆದು, ‘ನಮ್ಮನ್ನು ಲೀಗಿನಲ್ಲಿ ಉಳಿಸಿಕೊಳ್ಳಿ’ ಎಂದು ಬೇರೆ ಕ್ಲಬ್ಬುಗಳನ್ನು ಓಟು ಕೇಳಬೇಕು. ಕೆಲ್ಡನ್ ಎರಡು ವರ್ಷ ಹಾಗೆ ಕೇಳಿಯಾಗಿದೆ. ಮೂರನೇ ಸಲ ಯಾರೂ ಕೈ ಎತ್ತುವುದಿಲ್ಲವಂತೆ. ಆಮೇಲೆ ಕ್ಲಬ್ಬೂ ಇಲ್ಲ, ನಾನೂ ಇಲ್ಲ.

ಛೇರ್ಮನ್ ಬಾರಾಕ್ಲೊ ಸಾಹೇಬರು ಮಾಂಸ ಕೊಚ್ಚಿ ಸಾಸೇಜು ಮಾಡಿ ಮಾರುವವರು. ಸಂದರ್ಶನ ಎರಡು ನಿಮಿಷ ನಡೆಯಿತು.

“ಗೆದ್ರೆ ಹುಡುಗರಿಗೆ ಏನ್ ಕೊಡ್ತೀರಿ ಸಾರ್?” ಅಂದೆ.

“ಸಾಸೇಜು.”

“ಸೋತ್ರೆ?”

“ನಿನ್ನ ಸಾಸೇಜು.”

ಒಂದು ಶನಿವಾರ ಬಂದು ನೋಡಿ ಹೋಗು ಅಪ್ಪಾ. ಗುಡ್ಡ ದಾಟುವ ಬಸ್ಸು ಮುಕ್ಕಾಲು ಗಂಟೆ, ಅಷ್ಟೆ.

ಖುಷಿಯಲ್ಲಿರುವ
ನೆವಿಲ್


ಬ್ರಾಕ್‌ಡೇಲ್
18 ನವೆಂಬರ್ 1971

ನೆವಿಲ್,

ಪತ್ರ ತಲುಪಿತು. ಚಹಾ ಚೆಲ್ಲಲಿಲ್ಲ, ಬಟ್ಟಲೇ ಒಡೆಯಿತು.

ನಮ್ಮ ಮೈದಾನದಲ್ಲಿ ನಿನ್ನ ತಾತ ಒರಗಿ ನಿಂತ ಕಬ್ಬಿಣದ ಕಂಬಿಗೆ ನಾನು ಒರಗಿ ನಿಂತೆ. ನನ್ನ ಹೆಗಲ ಮೇಲೆ ನೀನು ಕೂತೆ. ಆ ಕಂಬಿ ಹಿಡಿದ ಕೈಯಿಂದ ಕೆಲ್ಡನ್ನಿಗೆ ಚಪ್ಪಾಳೆ ತಟ್ಟಲು ನನಗೆ ಬರುವುದಿಲ್ಲ. ಕಲಿಯುವ ವಯಸ್ಸೂ ಅಲ್ಲ.

ನಿನ್ನೆ ಪಬ್ಬಿನಲ್ಲಿ, ಪಂದ್ಯಕ್ಕೆ ನನ್ನ ಪಕ್ಕ ನಿಲ್ಲುವ ಸ್ಟ್ಯಾನ್ಲಿ, ಎಲ್ಲರಿಗೂ ಕೇಳುವ ಹಾಗೆ, “ಏನಪ್ಪಾ ಸೆತ್, ಮಗ ಗುಡ್ಡ ಹಾರಿದ್ನಂತೆ?” ಅಂದ. “ಹಾರಿಲ್ಲ ಕಣಯ್ಯಾ, ಜಾರಿದಾನೆ” ಅಂದು ಬಂದೆ.

ಇನ್ನು ನಮ್ಮವರ ವಿಷಯ. ಶನಿವಾರ ಗೆದ್ದರು, ಗೆದ್ದರೇನು ಬಂತು? ನಮ್ಮ ಗೋಲ್‌ಕೀಪರ್ ರೆಜ್ ಬೂತ್ ಇದ್ದಾನಲ್ಲ, ಆರಡಿ ಮೂರಂಗುಲದ ಬೆಪ್ಪ, ಎಡಗಡೆಯಿಂದ ಕಾರ್ನರ್ ಕಿಕ್ ಬಂದರೆ ಗೋಲಿನ ದೂರದ ಕಂಬಕ್ಕೆ ಹೋಗಿ ಅಂಟಿಕೊಳ್ಳುತ್ತಾನೆ. ಹತ್ತಿರದ ಕಂಬದ ಬುಡ ಬಟಾಬಯಲು. ಅಲ್ಲೊಂದು ಹಸು ಕಟ್ಟಬಹುದು. ನಾನು ಕೂಗಿ ಕೂಗಿ ಗಂಟಲು ಹೋಯಿತು. ಕೇಳುವವರು ಯಾರು?

ಇಂತಿ,
ಸೆತ್ ಆಕ್ರಾಯ್ಡ್

ಮಗೂ, ಅಮ್ಮ ಬರೆಯುತ್ತಿರುವುದು. ಬಟ್ಟಲು ಒಡೆದದ್ದು ನಿಜ, ಆದರೆ ಮೊದಲೇ ಬಿರುಕು ಬಿಟ್ಟಿತ್ತು. ಸ್ವೆಟರ್ ಹೆಣೆಯುತ್ತಿದ್ದೇನೆ. ಕೆಲ್ಡನ್ನಿನ ಬಣ್ಣ ಕೆಂಪಂತೆ, ನಿಮ್ಮಪ್ಪ ಮನೆಯೊಳಗೆ ಕೆಂಪು ಉಣ್ಣೆ ತರಲು ಬಿಡುತ್ತಿಲ್ಲ. ಬೂದು ಬಣ್ಣದ್ದು ಹಾಕಿಕೋ. — ಹಿಲ್ಡಾ


ಕೆಲ್ಡನ್
28 ಡಿಸೆಂಬರ್ 1971

ಅಪ್ಪಾ,

ಮೂರು ಸೊನ್ನೆ. ಒಪ್ಪಿಕೊಂಡೆ. ಕ್ರಿಸ್‌ಮಸ್ ಕಳೆದ ಮೇಲೆ ಅಕ್ಕಪಕ್ಕದ ಊರುಗಳ ನಡುವಿನ ಡರ್ಬಿ ಪಂದ್ಯದಲ್ಲಿ, ಹುಟ್ಟಿದೂರಿನಲ್ಲಿ, ಹನ್ನೊಂದು ಸಾವಿರ ಜನರೆದುರು ತಿಂದ ಏಟು. ಆದರೆ ಎರಡು ದಿನದಿಂದ ಕಿವಿಯಲ್ಲಿ ಗುನುಗುತ್ತಿರುವುದು ಗೋಲಲ್ಲ, ಗೋಲ್‌ಕಂಬದ ಹಿಂದೆ ನಿಮ್ಮವರು ಗಿಲಕಿ ತಿರುಗಿಸುತ್ತ ಹಾಡಿದ ಹಾಡು:

ನೆವಿಲ್ ಬಂದ, ನೆವಿಲ್ ಬಂದ,
ಒಂದೇ ಕಾಲಲಿ ಕುಂಟುತ ಬಂದ,
ಮೂರು ಗೋಲು ತಿಂದೇ ತಿಂದ,
ಮತ್ತೂ ತಿನ್ನೋಕೆ ತಟ್ಟೆ ತಂದ!

ಬ್ರಾಕ್‌ಡೇಲಿನ ಹಾಡುಗಳನ್ನು ಕಟ್ಟುವವನು ಯಾರು ಎಂದು ಎಲ್ಲರಿಗೂ ಗೊತ್ತು. ಆದರೂ ಬೇರೆ ಯಾರೋ ಇರಬಹುದು ಎಂದು ಮೂರನೇ ಸಾಲಿನವರೆಗೂ ಆಸೆ ಇಟ್ಟುಕೊಂಡಿದ್ದೆ. ನಾಲ್ಕನೇ ಸಾಲಿಗೆ ಆಸೆ ಬಿಟ್ಟೆ. ಭಾನುವಾರದ ಪುಡಿಂಗ್ ಎರಡನೇ ಸಲ ಬೇಕಾದಾಗ ನಾನು ತಟ್ಟೆ ಹಿಡಿದು ಬಂದು ನಿಲ್ಲುತ್ತಿದ್ದದ್ದು ಪ್ರಪಂಚದಲ್ಲಿ ಮೂರು ಜನರಿಗೆ ಮಾತ್ರ ಗೊತ್ತು. ಅಮ್ಮನಿಗೆ ಪ್ರಾಸ ಬರುವುದಿಲ್ಲ.

ಬೇಜಾರಾಯಿತಾ? ಆಯಿತು. ವಾಪಸು ಬರುವ ಬಸ್ಸು ಗುಡ್ಡದ ತುದಿ ಮುಟ್ಟಿದಾಗ ಹಿಂದಿನ ಸೀಟಿನಿಂದ ಸಣ್ಣಗೆ ಗುನುಗು ಕೇಳಿತು. ನೋಡಿದರೆ ವಾಲ್ಟ್ ಹೋಲ್ರಾಯ್ಡ್, ನಮ್ಮ ಫಾರ್ವರ್ಡು, ಮೂವತ್ನಾಲ್ಕು ವರ್ಷದ ಗಿಡ್ಡ ಮನುಷ್ಯ.

“ಏನೋ ವಾಲ್ಟ್ ಅದು?”

“ಕ್ಷಮಿಸಿ ಬಾಸ್. ಹಾಡು ಚೆನ್ನಾಗಿದೆ. ಬಾಯಿಂದ ಹೋಗ್ತಾನೇ ಇಲ್ಲ.”

“ಹಾಗಾದ್ರೆ ಜೋರಾಗಿ ಹಾಡು.”

ಇಳಿಜಾರು ಪೂರ್ತಿ ಹಾಡಿದೆವು ಅಪ್ಪಾ, ಇಡೀ ಬಸ್ಸು, ಡ್ರೈವರೂ ಸೇರಿ! ನಾನೇ ಸೀಟು ಬಡಿದು ತಾಳ ಹಾಕಿದೆ. ನಾನು ಬಂದ ಮೇಲೆ ಆ ಹನ್ನೊಂದು ಜನ ಒಟ್ಟಿಗೆ ಮಾಡಿದ ಮೊದಲ ಕೆಲಸ ಅದು. ಇನ್ನು ಮುಂದೆ ಪ್ರತಿ ಪಂದ್ಯಕ್ಕೂ ಮುಂಚೆ ಡ್ರೆಸ್ಸಿಂಗ್ ರೂಮಿನಲ್ಲಿ ಇದೇ ಹಾಡು.

ಕವಿಗೆ ಥ್ಯಾಂಕ್ಸ್.
ನೆವಿಲ್


ಬ್ರಾಕ್‌ಡೇಲ್
9 ಜನವರಿ 1972

ನೆವಿಲ್,

ಹಾಡಿನ ಬಗ್ಗೆ ನನಗೇನೂ ತಿಳಿಯದು.

ಡರ್ಬಿಯಲ್ಲಿ ನಿಮ್ಮ ತಂಡ ಉತ್ಸಾಹದಿಂದ ಆಡಿತು. ಎಲ್ಲರೂ ಶ್ರಮಪಟ್ಟರು. ಅಂಗಿಗಳು ಸ್ವಚ್ಛವಾಗಿದ್ದವು. ಮುಂದಿನ ಪಂದ್ಯಗಳಿಗೆ ಶುಭವಾಗಲಿ.

ನಮ್ಮವರೋ, ಬೇಡ. ನಾಲ್ಕನೇ ಸ್ಥಾನಕ್ಕೆ ಬಂದಿದ್ದಾರೆ, ತಲೆ ನಾಲ್ಕನೇ ಮೋಡದಲ್ಲಿದೆ. ನಿನ್ನೆ ಮತ್ತೆ ಎಡಗಡೆಯ ಕಾರ್ನರು. ಬೂತ್ ದೂರದ ಕಂಬಕ್ಕೆ. ಹತ್ತಿರದ ಕಂಬ ಕಾಯಬೇಕಾದವನು ನಮ್ಮ ಲೆಫ್ಟ್ ಬ್ಯಾಕ್ ಕ್ಲೆಗ್. ಎದುರಾಳಿ ಕಿಕ್ ಹೊಡೆದ ತಕ್ಷಣ ಅವನು ಎರಡು ಹೆಜ್ಜೆ ಮುಂದೆ ಬರುತ್ತಾನೆ, ಬಸ್ಸು ಬಂತಾ ಎಂದು ಇಣುಕಿದ ಹಾಗೆ. ಬಸ್ಸು ಅವನ ಬೆನ್ನ ಹಿಂದೆ ಹೋಗುತ್ತದೆ! ಎದುರಾಳಿಗಳು ಕುರುಡರಾದ್ದರಿಂದ ಬಚಾವಾದೆವು. ಗಿರಣಿಯಲ್ಲಿ ಒಂದು ಎಳೆ ತಪ್ಪಿದರೆ ಮಗ್ಗ ನಿಲ್ಲಿಸುತ್ತಿದ್ದೆ ನಾನು. ಇವರು ಹರಿದ ಬಟ್ಟೆಯನ್ನೇ ನೇಯುತ್ತಾರೆ, ನೇಯುತ್ತಲೇ ಇರುತ್ತಾರೆ.

ಇಂತಿ,
ಸೆತ್ ಆಕ್ರಾಯ್ಡ್

ಮಗೂ, ಅಂಗಿ ಸ್ವಚ್ಛವಾಗಿತ್ತು ಅಂತ ಬರೆದದ್ದನ್ನು ಓದಿ ನನಗೆ ಅಳು ಬಂತು. ನಿಮ್ಮಪ್ಪ ಬೈಯುವುದು ತಮ್ಮದು ಅಂದುಕೊಂಡದ್ದನ್ನು ಮಾತ್ರ. ನನ್ನ ಅಡುಗೆಯನ್ನು ಮದುವೆಯಾದಾಗಿನಿಂದ ಬೈಯುತ್ತಿದ್ದಾರೆ. ಪಕ್ಕದ ಮನೆಯವಳ ಕಲ್ಲಿನಂಥ ಕೇಕು ತಿಂದು ‘ಬಹಳ ಚೆನ್ನಾಗಿತ್ತಮ್ಮ’ ಅಂದು ಬಂದರು. ನೀನು ನೀಲಿ ಅಂಗಿ ಹಾಕುತ್ತಿದ್ದಾಗ ಶನಿವಾರ ರಾತ್ರಿ ಊಟದ ತುಂಬ ಬೈಗುಳ ತಿನ್ನುತ್ತಿದ್ದೆ, ನೆನಪಿದೆಯಾ? ಈಗ ಹೊಗಳುತ್ತಿದ್ದಾರೆ. — ಹಿಲ್ಡಾ


ಕೆಲ್ಡನ್
20 ಫೆಬ್ರವರಿ 1972

ಅಪ್ಪಾ, ಅಮ್ಮಾ,

ಆರು ಪಂದ್ಯ, ಐದು ಗೆಲುವು! ಊರಿನಲ್ಲಿ ಸಾಸೇಜಿನ ಕೊರತೆ ಬಿದ್ದಿದೆ!

ಎಲ್ಲಿಂದ ಶುರು ಮಾಡಲಿ? ಗಣಿ ಕಾರ್ಮಿಕರ ಮುಷ್ಕರದಿಂದ ಅಲ್ಲೂ ಕರೆಂಟು ಹೋಗುತ್ತಿರಬೇಕು. ದೀಪ ಹಾಕುವ ಹಾಗಿಲ್ಲವಾದ್ದರಿಂದ ಮಂಗಳವಾರದ ಪಂದ್ಯವನ್ನು ಮಧ್ಯಾಹ್ನ ಎರಡಕ್ಕೆ ಇಟ್ಟೆವು. ಕೆಲಸದ ಹೊತ್ತು, ಯಾರು ಬರುತ್ತಾರೆ ಅಂದುಕೊಂಡರೆ ನಾಲ್ಕು ಸಾವಿರ ಜನ! ಊರಿನ ಅಜ್ಜಿಯರಿಗೆಲ್ಲ ಒಂದೇ ಮಧ್ಯಾಹ್ನ ಮಣ್ಣಾಗಿತ್ತು ಅಂತ ಕಾಣುತ್ತದೆ, ಅಷ್ಟು ಜನ ಆ ನೆಪದಲ್ಲಿ ರಜೆ ಕೇಳಿದ್ದರು. ಛೇರ್ಮನ್ ಸಾಹೇಬರ ಅಂಗಡಿಯ ಹುಡುಗರೇ ಒಂಬತ್ತು ಮಂದಿ ಸಿಕ್ಕಿಬಿದ್ದರು. “ಎಲ್ರೂ ನಾಳೆಯಿಂದ ಕೆಲ್ಸಕ್ಕೆ ಬರ್ಬೇಡಿ!” ಅಂತ ಸಾಹೇಬರು ಅಬ್ಬರಿಸುವಾಗಲೇ ವಾಲ್ಟ್ ಗೋಲು ಹೊಡೆದ. ಸಾಹೇಬರು ಆ ಒಂಬತ್ತು ಜನರನ್ನೂ ತಬ್ಬಿಕೊಂಡರು.

ಕೆಸರಿನಲ್ಲಿ ಓಡಿಸುತ್ತೇನೆ, ಗುಡ್ಡ ಹತ್ತಿಸುತ್ತೇನೆ, ಬೈಯುತ್ತೇನೆ. ನಿನ್ನ ಬೈಗುಳಗಳೇ ಅಪ್ಪಾ, ಒಂದೂ ಹೊಸದಲ್ಲ. “ಹರಿದ ಬಟ್ಟೆ ನೇಯಬೇಡ್ರೋ” ಅಂದರೆ ಈಗ ಹುಡುಗರಿಗೆ ಅರ್ಥವಾಗುತ್ತದೆ.

ಇಪ್ಪತ್ತೆರಡನೇ ಸ್ಥಾನಕ್ಕೆ ಬಂದಿದ್ದೇವೆ. ಇನ್ನೆರಡು ಮೆಟ್ಟಿಲು ಹತ್ತಿದರೆ ಲಂಡನ್ನಿಗೆ ಹೋಗಿ ಟೋಪಿ ತೆಗೆಯುವುದು ತಪ್ಪುತ್ತದೆ. ಏಪ್ರಿಲ್ 29ಕ್ಕೆ ಕೊನೆಯ ಪಂದ್ಯ, ನಮ್ಮ ಮೈದಾನದಲ್ಲಿ. ಎದುರಾಳಿ ಯಾರು ಎಂದು ನಿನ್ನ ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲೇ ಇದೆ.

ಟಿಕೆಟು ಕಳಿಸಿದ್ದೇನೆ. ನನ್ನ ಬೆಂಚಿನ ಹಿಂದಿನ ಸಾಲು, ಮೆತ್ತನೆ ಸೀಟು.

ನೆವಿಲ್


ಬ್ರಾಕ್‌ಡೇಲ್
16 ಏಪ್ರಿಲ್ 1972

ನೆವಿಲ್,

ಟಿಕೆಟು ವಾಪಸು ಕಳಿಸಿದ್ದೇನೆ. ನಾನು ಬರುತ್ತೇನೆ. ಆದರೆ ಹೊರಊರಿನ ಬೆಂಬಲಿಗರಿಗೆ ಕೊಡುವ ಕಡೆ, ಗೋಲಿನ ಹಿಂದೆ, ನೀಲಿ ಮಫ್ಲರ್ ಹಾಕಿ ನಿಲ್ಲುತ್ತೇನೆ. ಮೆತ್ತನೆ ಸೀಟಿನ ಮೇಲೆ ಕೂತು ಫುಟ್ಬಾಲ್ ನೋಡಿದರೆ ಬೆನ್ನು ನೋಯುತ್ತದೆ.

ನಿನಗೆ ಗೊತ್ತಿರಲಿ. ನಾಲ್ಕನೇ ಡಿವಿಜನ್ ಹುಟ್ಟಿದ ದಿನದಿಂದ ನಾವು ಅದರೊಳಗೇ ಇದ್ದೇವೆ. ಮೇಲಿನ ನಾಲ್ಕರಲ್ಲಿ ಉಳಿದರೆ ಮೂರನೇ ಡಿವಿಜನ್ನಿಗೆ ಹೋಗುತ್ತೇವೆ. ಸ್ಟ್ಯಾನ್ಲಿ ಲೆಕ್ಕ ಹಾಕಿ ಹೇಳಿದ: ಕೆಲ್ಡನ್ನಿನಲ್ಲಿ ಡ್ರಾ ಮಾಡಿದರೂ ಸಾಕು. ನಿನಗೆ ಗೆಲ್ಲಲೇಬೇಕಂತೆ. ಅಂದರೆ ನಮ್ಮಿಬ್ಬರಲ್ಲಿ ಒಬ್ಬನ ಮನೆಯಲ್ಲಿ ಮಾತ್ರ ಆ ರಾತ್ರಿ ಹಾಡು. ನನಗೆ ಎಪ್ಪತ್ತಾಯಿತು. ಮೂರನೇ ಡಿವಿಜನ್ ನೋಡಿ ಕಣ್ಣು ಮುಚ್ಚೋಣ ಅಂತ ಆಸೆ.

ನೋಡುತ್ತೇನೋ ಇಲ್ಲವೋ, ಆ ಬೂತ್ ಬಿಡುವುದಿಲ್ಲ. ನಿನ್ನೆಯೂ ಅದೇ. ಎಡಗಡೆಯ ಕಾರ್ನರು, ಬೂತ್ ದೂರದ ಕಂಬಕ್ಕೆ, ಕ್ಲೆಗ್ ಬಸ್ಸು ನೋಡಲಿಕ್ಕೆ. ಗಿಡ್ಡನೆಯ ಒಬ್ಬ ಮನುಷ್ಯ, ಓಡಿ ಬಂದು, ಹತ್ತಿರದ ಕಂಬದ ಬುಡದಲ್ಲಿ ತಲೆ ಬಗ್ಗಿಸಿದರೆ ಸಾಕು, ಮುಗಿಯಿತು! ಐದು ಮ್ಯಾನೇಜರುಗಳ ಕಾಲದಿಂದ ಕೂಗುತ್ತಿದ್ದೇನೆ. ಗೋಲ್‌ಕೀಪರುಗಳು ಬದಲಾದರು, ಗೋಲಿನ ತೂತು ಬದಲಾಗಲಿಲ್ಲ.

ಇಂತಿ,
ಸೆತ್ ಆಕ್ರಾಯ್ಡ್


ಕೆಲ್ಡನ್
ಸೋಮವಾರ, 24 ಏಪ್ರಿಲ್ 1972

ಅಪ್ಪಾ,

ಚಿಕ್ಕ ಪತ್ರ. ಆದರೆ ಒಂದು ವಾರ ತಿರುಗಿಸಿ ತಿರುಗಿಸಿ ಯೋಚಿಸಿ ಬರೆಯುತ್ತಿದ್ದೇನೆ.

ನಿನ್ನ ಗೊಣಗಾಟವನ್ನೆಲ್ಲ ಮಗನಾಗಿ ಓದಿದೆ. ಆದರೆ ಕಣ್ಣು ಮ್ಯಾನೇಜರನದ್ದು. ಓದಿದ್ದನ್ನು ಓದದ ಹಾಗೆ ಮಾಡುವುದು ಹೇಗೆ? ನನ್ನ ಹತ್ತಿರ ಗಿಡ್ಡನೆಯ ಒಬ್ಬ ಮನುಷ್ಯನಿದ್ದಾನೆ. ಬುಧವಾರದಿಂದ ಅಭ್ಯಾಸ ಮಾಡಿಸುತ್ತಿದ್ದೇನೆ. ಮಾಡಿಸದೆ ಬಿಟ್ಟರೆ ಇಲ್ಲಿ ಕೆಲಸ ಮಾಡುವ ಇಪ್ಪತ್ತು ಮನೆಗಳಿಗೆ ಮೋಸ. ಹೇಳದೆ ಮಾಡಿಸಿದರೆ ನಿನಗೆ ಮೋಸ.

ಅದಕ್ಕೇ ಹೇಳುತ್ತಿದ್ದೇನೆ. ಶನಿವಾರ ಎಡಗಡೆಯಿಂದ ಕಾರ್ನರ್ ಸಿಕ್ಕಿದರೆ ವಾಲ್ಟ್ ಹತ್ತಿರದ ಕಂಬಕ್ಕೆ ಓಡುತ್ತಾನೆ. ನೀನು ಯಾರಿಗೆ ಬೇಕಾದರೂ ಹೇಳು. ನಿಮ್ಮ ಮ್ಯಾನೇಜರ್ ಲಂಬ್ ಸಾಹೇಬರಿಗೇ ಹೇಳು. ನಿನ್ನ ಕ್ಲಬ್ಬು, ನಿನ್ನ ಹಕ್ಕು.

ನನ್ನ ಛೇರ್ಮನ್ನಿಗೆ ಈ ಪತ್ರದ ವಿಷಯ ಗೊತ್ತಾದರೆ ನಾನು ಸಾಸೇಜು.

ನೆವಿಲ್


ಬ್ರಾಕ್‌ಡೇಲ್
ಭಾನುವಾರ, 30 ಏಪ್ರಿಲ್ 1972

ನೆವಿಲ್,

ಗಂಟಲು ಪೂರ್ತಿ ಕಟ್ಟಿದೆ. ನಿಮ್ಮಮ್ಮನಿಗೆ ಇಷ್ಟು ನೆಮ್ಮದಿಯ ಭಾನುವಾರ ಎಂದೂ ಸಿಕ್ಕಿರಲಿಲ್ಲವಂತೆ. ಅದಕ್ಕೇ ಉದ್ದ ಬರೆಯುತ್ತೇನೆ.

ನಿನ್ನ ಪತ್ರ ಮಂಗಳವಾರ ಬಂತು. ಓದಿ, ಟೋಪಿ ಹಾಕಿ, ನೆಟ್ಟಗೆ ಮೈದಾನಕ್ಕೆ ಹೋದೆ. ಹೌದು, ಹೇಳಲಿಕ್ಕೇ ಹೋದೆ. ನೀನು ಅನುಮತಿ ಕೊಟ್ಟಿದ್ದೆ ಅಂತಲ್ಲ, ಕೊಡದಿದ್ದರೂ ಹೋಗುತ್ತಿದ್ದೆ. ಲಂಬ್ ಸಾಹೇಬರು ಕಾರು ಹತ್ತುತ್ತಿದ್ದರು.

“ಸಾರ್, ಶನಿವಾರ ಎಡಗಡೆ ಕಾರ್ನರು ಬಂದ್ರೆ ಹತ್ತಿರದ ಕಂಬ ನೋಡ್ಕೊಳ್ಳಿ. ಕ್ಲೆಗ್‌ಗೆ ಅಲ್ಲೇ ನಿಲ್ಲೋಕೆ ಹೇಳಿ.”

“ಅಜ್ಜಾ,” ಅಂದರು ಅವರು, ಕಾರಿನ ಕಿಟಕಿ ಇಳಿಸಿ, “ಟಿಕೆಟ್ ಕೌಂಟರು ಆ ಕಡೆ.”

“ಟಿಕೆಟ್ ಇದೆ ಸಾರ್. ಐವತ್ತು ವರ್ಷದಿಂದ ಇದೆ. ಕಂಬದ ವಿಷಯ...”

ಕಿಟಕಿ ಏರಿತು. ಕಾರು ಹೋಯಿತು. ಬುಧವಾರ ಮತ್ತೆ ಹೋದೆ, ಗೇಟಿನವನು ಒಳಗೆ ಬಿಡಲಿಲ್ಲ. ಗುರುವಾರ ಸ್ಟ್ಯಾನ್ಲಿಗೆ ಹೇಳಿದೆ. “ನೀನು ಇದನ್ನ ಹೇಳ್ದೇ ಇರೋ ಗುರುವಾರ ಯಾವ್ದಯ್ಯಾ?” ಅಂದ. ನನ್ನ ಕರ್ತವ್ಯ ನಾನು ಮುಗಿಸಿದೆ. ಇದನ್ನು ನೀನು ನೆನಪಿಟ್ಟುಕೊಳ್ಳಬೇಕು.

ಪಂದ್ಯವನ್ನು ನಾನು ನಿನಗೆ ಹೇಳಬೇಕಿಲ್ಲ. ಆದರೆ ನೀನು ಬೆಂಚಿನಿಂದ ನೋಡಿದೆ, ನಾನು ಗೋಲಿನ ಹಿಂದಿನಿಂದ ನೋಡಿದೆ. ಅಲ್ಲಿಂದ ಕಂಡದ್ದೇ ಬೇರೆ. ಎಂಬತ್ತು ನಿಮಿಷ ಸೊನ್ನೆ ಸೊನ್ನೆ. ನಮ್ಮ ನಾಲ್ಕು ಸಾವಿರ ಜನ ಮೂರನೇ ಡಿವಿಜನ್ನಿನ ಹಾಡು ಶುರು ಮಾಡಿದ್ದರು. ನಾನೇ ಕಟ್ಟಿದ್ದು, ಚೆನ್ನಾಗಿತ್ತು. ಈಗ ಯಾವುದಕ್ಕೂ ಬರುವುದಿಲ್ಲ. ಆಗ ನಿಮಗೆ ಕಾರ್ನರು ಸಿಕ್ಕಿತು. ಎಡಗಡೆ. ಬೂತ್ ನನ್ನಿಂದ ಎಂಟು ಗಜ ದೂರದಲ್ಲಿ, ಬೆನ್ನು ಕಾಣುತ್ತಿದೆ. ಹೊರಟ ನೋಡು ದೂರದ ಕಂಬಕ್ಕೆ!

“ರೆಜ್!” ಅಂತ ಅರಚಿದೆ. ಗಂಟಲು ಹೋದದ್ದು ಅಲ್ಲೇ. “ರೆಜ್! ಹತ್ತಿರದ ಕಂಬ! ಲೋ, ಹತ್ತಿರದ ಕಂಬ ಕಣೋ!”

ಅವನು ತಿರುಗಲೂ ಇಲ್ಲ. ಬೆನ್ನ ಹಿಂದೆ ಕೈ ಆಡಿಸಿದ, ನೊಣ ಓಡಿಸಿದ ಹಾಗೆ. ಕ್ಲೆಗ್ ಬಸ್ಸು ನೋಡಲು ಎರಡು ಹೆಜ್ಜೆ ಮುಂದೆ ಹೋದ. ನಿನ್ನ ಗಿಡ್ಡ, ಎಲ್ಲಿದ್ದನೋ ಏನೋ, ಜನರ ಕಾಲ ಸಂದಿಯಿಂದ ಬಂದವನ ಹಾಗೆ ಬಂದು ತಲೆ ಬಗ್ಗಿಸಿದ.

ನೆವಿಲ್, ನನ್ನ ಎರಡೂ ಕೈ ಮೇಲೆ ಹೋದವು.

ನಾನು ಎತ್ತಲಿಲ್ಲ, ಅವೇ ಹೋದವು. ನಾಲ್ಕು ಸಾವಿರ ಜನ ತಲೆ ಹಿಡಿದು ನಿಂತ ಕಡೆ ಎರಡೇ ಎರಡು ಕೈ ಆಕಾಶದಲ್ಲಿ.

“ಸೆತ್,” ಅಂದ ಸ್ಟ್ಯಾನ್ಲಿ, ಹಲ್ಲು ಕಚ್ಚಿ, “ಕೈ ಇಳಿಸು.”

“ಇಳೀತಾ ಇಲ್ಲ ಕಣೋ.”

“ಸೆತ್, ಎಲ್ರೂ ನೋಡ್ತಿದಾರೆ.”

“ನಾನೂ ನೋಡ್ತಿದೀನಿ. ಹಿಡ್ಕೊಂಡು ಇಳಿಸು.”

ಅವನು ಒಂದು ಕೈ ಇಳಿಸಿದ. ಇನ್ನೊಂದನ್ನು ಹಿಡಿಯುವಷ್ಟರಲ್ಲಿ ಮೊದಲನೆಯದು ಮತ್ತೆ ಮೇಲೆ. ಆಗ ನೀನು ನಮ್ಮ ಕಡೆ ತಿರುಗಿ ನೋಡಿದೆ. ಹುಡುಕಿದೆಯೋ ಏನೋ ಗೊತ್ತಿಲ್ಲ. ಹುಡುಕುವುದು ಕಷ್ಟವಿರಲಿಲ್ಲ.

ಒಂದು ಸೊನ್ನೆ. ನೀವು ಇಪ್ಪತ್ತನೆಯವರು, ಲಂಡನ್ ತಪ್ಪಿತು. ನಾವು ಐದನೆಯವರು, ಮೂರನೇ ಡಿವಿಜನ್ ತಪ್ಪಿತು. ಬಸ್ಸಿನಲ್ಲಿ ಯಾರೂ ನನ್ನ ಪಕ್ಕ ಕೂರಲಿಲ್ಲ. ಸ್ಟ್ಯಾನ್ಲಿ ಮಾತ್ರ ಗುಡ್ಡದ ತುದಿಯಲ್ಲಿ ಎದ್ದು ಬಂದು ಕೂತ. “ನೀನು ಹೇಳ್ತಾನೇ ಇದ್ದೆ,” ಅಂದ. ಅಷ್ಟೇ ಅಂದ. ಐದು ಮ್ಯಾನೇಜರುಗಳು ಬಂದು ಹೋದರು, ಒಬ್ಬನಾದರೂ ನನ್ನ ಮಾತು ಕೇಳಲಿ ಅಂತ ಕಾದೆ. ಕೊನೆಗೂ ಒಬ್ಬ ಕೇಳಿದ. ಗುಡ್ಡದ ಆ ಕಡೆ ಇದ್ದ, ಏನು ಮಾಡುವುದು?

ಆ ಬಸ್ಸಿನಲ್ಲೇ ಒಂದು ಹಾಡು ಬಂತು. ಇಲ್ಲಿ ಹಾಡಿದರೆ ಹಲ್ಲು ಉಳಿಯುವುದಿಲ್ಲ, ನಿನ್ನ ಹುಡುಗರಿಗೆ ಕೊಡು:

ನೆವಿಲ್ ಗೆದ್ದ, ನೆವಿಲ್ ಗೆದ್ದ,
ಕಂಬದ ಬುಡದಲಿ ಗೋಲನು ಕದ್ದ,
ಬೂತನು ಬೆಪ್ಪಾಗಿ ಬೋರಲು ಬಿದ್ದ,
ಹೇಳಿದ ಮುದುಕ ಹಿಂದೇ ಇದ್ದ!

ಇನ್ನೊಂದು ಮಾತು. ಇದನ್ನು ಹೇಳದೆ ನಿದ್ದೆ ಬರುವುದಿಲ್ಲ. ನಿನ್ನ ರೈಟ್ ಬ್ಯಾಕ್ ಇದ್ದಾನಲ್ಲ, ಆ ಕೆಂಪು ಕೂದಲಿನವನು, ಅವನು ಆಟಗಾರನೋ ಅಂಚೆಯವನೋ? ಚೆಂಡು ಸಿಕ್ಕಿದ ಕೂಡಲೇ ಎದುರಾಳಿಯ ಮನೆ ಬಾಗಿಲಿಗೆ ತಲುಪಿಸುತ್ತಾನೆ! ಮೊದಲ ಅರ್ಧದಲ್ಲೇ ನಾಲ್ಕು ಸಲ. ನಮ್ಮವರು ದಂಡಪಿಂಡಗಳಾದ್ದರಿಂದ ನೀನು ಬಚಾವಾದೆ. ಮತ್ತೆ ಆ ಗೋಲ್‌ಕೀಪರು, ಚೆಂಡು ಹಿಡಿಯುತ್ತಾನೋ ಮಗುವನ್ನು ಎತ್ತಿ ಆಡಿಸುತ್ತಾನೋ? ಹದಿನಾಲ್ಕು ವರ್ಷ ಫುಟ್ಬಾಲ್ ಆಡಿದವನಿಗೆ ಇದು ಕಾಣಿಸುವುದಿಲ್ಲವಾ? ಕಣ್ಣು ಎಲ್ಲಿಟ್ಟಿದ್ದೀಯ? ಹರಿದ ಬಟ್ಟೆ, ಪೂರ್ತಿ ಹರಿದ ಬಟ್ಟೆ! ಇದನ್ನು ಹೊದ್ದು ಇನ್ನೊಂದು ಚಳಿಗಾಲ ಕಳೆಯುತ್ತೇನೆ ಅಂದುಕೊಂಡಿದ್ದೀಯಾ?

ಹೊಸ ಸೀಸನ್ ಆಗಸ್ಟಿಗೆ. ಸಮಯವಿದೆ. ತಿದ್ದು.

ಅಪ್ಪ